ಗೊತ್ತಿಲ್ಲದ ಹೊತ್ತನ್ನು ಹೇಳಬಾರದ ಗಡಿಯಾರ: ಲಿನಕ್ಸ್ ಕರ್ನಲ್‌ಗೆ ಆರ್‌ಟಿಸಿ ಡ್ರೈವರ್ ಬರೆಯುವ ಕ್ರಮ

ವಿಜಯಪುರ ಜಿಲ್ಲೆಯ ತಿಕೋಟಾ ಭಾಗದ ದ್ರಾಕ್ಷಿ ಪಡವೊಂದಕ್ಕೆ, ಗಾಳಿಯ ಉಷ್ಣತೆ, ಆರ್ದ್ರತೆ ಮತ್ತು ಎಲೆಯ ತೇವವನ್ನು ಹತ್ತು ನಿಮಿಷಕ್ಕೊಮ್ಮೆ ಬರೆದಿಡುವ ಪೆಟ್ಟಿಗೆಯೊಂದನ್ನು ಕೆಲವು ವರ್ಷಗಳ ಹಿಂದೆ ನಾನು ಕಟ್ಟಿಕೊಟ್ಟಿದ್ದೆ. ಅಕ್ಟೋಬರ್ ಚಾಟ್ನಿಯ (ಬಳ್ಳಿ ಸವರುವ ಕೆಲಸದ) ನಂತರ ಡೌನಿ ಎಂಬ ಬೂಜು ರೋಗದ ಭಯ ಎಷ್ಟಿದೆ ಎಂಬುದು ಎಲೆ ಯಾವ ರಾತ್ರಿ, ಎಷ್ಟು ಗಂಟೆ ಒದ್ದೆಯಾಗಿತ್ತು ಎಂಬುದರ ಮೇಲೆ ನಿಂತಿರುವುದರಿಂದ, ಅಂಥ ದಾಖಲೆಯಲ್ಲಿ ಅಳತೆಯಷ್ಟೇ ಬೆಲೆ ಅದರ ಪಕ್ಕದ ದಿನಾಂಕಕ್ಕೂ ಇರುತ್ತದೆ. ಅಲ್ಲಿ ಇಂಟರ್ನೆಟ್ ಇರಲಿಲ್ಲ. ಕರೆಂಟ್ ಪಂಪ್‌ಸೆಟ್ಟಿನ ಪಾಳಿಗೆ ತಕ್ಕಂತೆ ಬಂದು ಹೋಗುತ್ತಿತ್ತು. ಗಡಿಯಾರದ ಚಿಪ್ಪಿನ ಬ್ಯಾಟರಿ ಹಿಡಿಕೆಯಲ್ಲಿ ಸಡಿಲವಾಗಿದ್ದುದನ್ನು ನಾನು ಗಮನಿಸಿರಲಿಲ್ಲ, ಡ್ರೈವರ್ ನಾನೇ ಬರೆದದ್ದು. ಪೆಟ್ಟಿಗೆಯನ್ನು ತೆರೆದು ನೋಡಿದಾಗ ಹನ್ನೊಂದು ದಿನಗಳ ದಾಖಲೆಯೆಲ್ಲ 2000ದ ಜನವರಿ 1ರಿಂದ ಮತ್ತೆ ಮತ್ತೆ ಶುರುವಾಗಿತ್ತು. ತೋಟದ ಯಜಮಾನರು ಸಿಟ್ಟಾಗಲಿಲ್ಲ. “ಕೆಟ್ಟಿದ್ರ ಕೆಟ್ಟೈತಿ ಅನ್ಲಿ ಸರ, ಸುಳ್ಳ ಯಾಕ ಹೇಳಬೇಕು?” ಎಂದಷ್ಟೇ ಕೇಳಿದರು.

ಆರ್‌ಟಿಸಿ ಡ್ರೈವರ್ ಬರೆಯುವವರು ಕಲಿಯಬೇಕಾದ ಮುಖ್ಯ ಸಂಗತಿ ಈ ಪ್ರಶ್ನೆಯಲ್ಲೇ ಇದೆ. ಆರ್‌ಟಿಸಿ ಎಂದರೆ ರಿಯಲ್ ಟೈಮ್ ಕ್ಲಾಕ್, ಕರೆಂಟ್ ಇಲ್ಲದಾಗಲೂ ಬ್ಯಾಟರಿಯ ಬಲದಿಂದ ಹೊತ್ತು ಎಣಿಸುವ ಚಿಪ್. ಡ್ರೈವರ್ ಎಂದರೆ ಕರ್ನಲ್ ಆ ಚಿಪ್ಪಿನೊಂದಿಗೆ ಮಾತಾಡಲು ಬೇಕಾದ ಕೋಡು. ಚಿಪ್ಪಿನ ಏಳು ರಿಜಿಸ್ಟರುಗಳನ್ನು (ಒಂದೊಂದು ಬೈಟಿನ ಗೂಡುಗಳನ್ನು) ಓದಿ ಕರ್ನಲ್‌ಗೆ ಒಪ್ಪಿಸುವುದು ಒಂದು ಮಧ್ಯಾಹ್ನದ ಕೆಲಸ. ಆ ಏಳು ಅಂಕಿಗಳನ್ನು ಯಾವಾಗ ನಂಬಬಾರದು ಎಂದು ತಿಳಿದು ಅದನ್ನು ಕರ್ನಲ್‌ಗೆ ಸ್ಪಷ್ಟವಾಗಿ ಹೇಳುವುದೇ ನಿಜವಾದ ಕೆಲಸ. ಸಿ ಭಾಷೆ ಬಲ್ಲ, ಒಂದು ಸಣ್ಣ ಕರ್ನಲ್ ಮಾಡ್ಯೂಲನ್ನಾದರೂ ಕಂಪೈಲ್ ಮಾಡಿ ಲೋಡ್ ಮಾಡಿ ನೋಡಿರುವ ಓದುಗರಿಗಾಗಿ ಈ ಲೇಖನವನ್ನು ಬರೆದಿದ್ದೇನೆ. ಫಂಕ್ಷನ್ನುಗಳ ಹೆಸರುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ, ಕೋಡಿನಲ್ಲಿ ಅವನ್ನು ಕರ್ನಲ್‌ನಲ್ಲಿ ಇರುವಂತೆಯೇ ಬರೆಯಬೇಕು.

ಚಿಪ್ಪಿನ ಆಯ್ಕೆ ಮತ್ತು ನಮ್ಮ ಬಿಸಿಲು

ಕೈಗಡಿಯಾರದಲ್ಲಿರುವಂತೆ ಆರ್‌ಟಿಸಿ ಚಿಪ್ಪಿನ ಒಳಗೋ ಪಕ್ಕದಲ್ಲೋ ಸೆಕೆಂಡಿಗೆ 32,768 ಬಾರಿ ಮಿಡಿಯುವ ಕ್ರಿಸ್ಟಲ್ ಇರುತ್ತದೆ. ಈ ಸಂಖ್ಯೆ ಎರಡರ ಹದಿನೈದನೆಯ ಘಾತವಾಗಿರುವುದರಿಂದ, ಹದಿನೈದು ಸಲ ಅರ್ಧ ಮಾಡಿದರೆ ಸರಿಯಾಗಿ ಒಂದು ಸೆಕೆಂಡಿಗೆ ಒಂದು ಮಿಡಿತ ಉಳಿಯುತ್ತದೆ. ಆದರೆ ಈ ಕ್ರಿಸ್ಟಲ್ ಸುಮಾರು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮಾತ್ರ ತನ್ನ ಸರಿಯಾದ ವೇಗದಲ್ಲಿರುತ್ತದೆ. ಅಲ್ಲಿಂದ ಆಚೆ ಈಚೆ ಹೋದಂತೆ, ವ್ಯತ್ಯಾಸದ ವರ್ಗಕ್ಕೆ ಅನುಗುಣವಾಗಿ, ಪ್ರತಿ ವರ್ಗ ಡಿಗ್ರಿಗೆ ಸುಮಾರು 0.034 ಪಿಪಿಎಂನಂತೆ (ಪಿಪಿಎಂ ಎಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು) ನಿಧಾನವಾಗುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ವಿಜಯಪುರದ ಬಿಸಿಲಿಗೆ ಬಿದ್ದ ಪೆಟ್ಟಿಗೆಯೊಳಗೆ ಉಷ್ಣತೆ 50 ಡಿಗ್ರಿ ಮುಟ್ಟಿತೆಂದುಕೊಳ್ಳೋಣ. ವ್ಯತ್ಯಾಸ 25, ಅದರ ವರ್ಗ 625, ಅಂದರೆ ಸುಮಾರು 21 ಪಿಪಿಎಂ. ಪೆಟ್ಟಿಗೆ ಹಗಲಿರುಳು ಅಷ್ಟೇ ಬಿಸಿಯಾಗಿದ್ದರೆ ಗಡಿಯಾರ ದಿನಕ್ಕೆ 1.8 ಸೆಕೆಂಡು, ತಿಂಗಳಿಗೆ ಹೆಚ್ಚುಕಡಿಮೆ ಒಂದು ನಿಮಿಷ ಹಿಂದೆ ಬೀಳುತ್ತದೆ. ಬೆಳಗಾವಿಯ ನನ್ನ ಕೋಣೆಯಲ್ಲಿ ಈ ದೋಷ ಕಾಣುವುದೇ ಇಲ್ಲ.

ಆದ್ದರಿಂದ ಈ ಲೇಖನಕ್ಕೆ ಡಿಎಸ್3231 ಚಿಪ್ಪನ್ನು ಆರಿಸಿಕೊಂಡಿದ್ದೇನೆ. ಇದು ತನ್ನ ಉಷ್ಣತೆಯನ್ನು 64 ಸೆಕೆಂಡಿಗೊಮ್ಮೆ ತಾನೇ ಅಳೆದು ಕ್ರಿಸ್ಟಲಿನ ವೇಗವನ್ನು ತಿದ್ದಿಕೊಳ್ಳುತ್ತದೆ. 0ಯಿಂದ 40 ಡಿಗ್ರಿಯವರೆಗೆ 2 ಪಿಪಿಎಂ, ಅದರಾಚೆ ಋಣ 40ರಿಂದ 85 ಡಿಗ್ರಿಯವರೆಗೆ 3.5 ಪಿಪಿಎಂ ಒಳಗೆ ನಿಲ್ಲುವುದಾಗಿ ತಯಾರಕರು ಹೇಳುತ್ತಾರೆ. ಅಗ್ಗದ ಡಿಎಸ್1307ಕ್ಕೆ ಈ ತಿದ್ದುಪಡಿಯಿಲ್ಲ, ಅದಕ್ಕೆ 5 ವೋಲ್ಟ್ ಬೇರೆ ಬೇಕು.

ಡಿಎಸ್3231ಕ್ಕೆ ಕರ್ನಲ್‌ನಲ್ಲಿ ಈಗಾಗಲೇ ಡ್ರೈವರ್ ಇದೆ, ಆರ್‌ಟಿಸಿ-ಡಿಎಸ್1307 ಎಂಬ ಡ್ರೈವರೇ ಇದನ್ನೂ ನೋಡಿಕೊಳ್ಳುತ್ತದೆ. ಮಾರುವ ಸಾಮಾನಿಗೆ ಅದನ್ನೇ ಬಳಸಬೇಕು. ನಮ್ಮದನ್ನು ಬರೆಯುವುದು ಕಲಿಯಲಿಕ್ಕೆ. ನಾಳೆ ಡ್ರೈವರ್ ಇಲ್ಲದ ಚಿಪ್ಪೊಂದು ಕೈಗೆ ಬಂದಾಗ, ಉತ್ತರ ಗೊತ್ತಿರುವ ಲೆಕ್ಕವನ್ನು ಒಮ್ಮೆ ಮಾಡಿ ನೋಡಿದ ಅನುಭವ ಉಪಯೋಗಕ್ಕೆ ಬರುತ್ತದೆ.

ತಂತಿ, ಬ್ಯಾಟರಿ, ವಿಳಾಸ

ರಾಸ್ಪ್‌ಬೆರಿ ಪೈ 4ರಲ್ಲಿ ಆರ್‌ಟಿಸಿ ಇಲ್ಲ (ಪೈ 5ರಲ್ಲಿ ಬಂದಿದೆ), ಆದ್ದರಿಂದ ಪ್ರಯೋಗಕ್ಕೆ ಅದು ಅನುಕೂಲ. ಮಾಡ್ಯೂಲಿನ ವಿದ್ಯುತ್ ತಂತಿಯನ್ನು 1ನೇ ಪಿನ್ನಿನ 3.3 ವೋಲ್ಟಿಗೆ, ಎಸ್‌ಡಿಎ ತಂತಿಯನ್ನು 3ನೇ ಪಿನ್ನಿಗೆ, ಎಸ್‌ಸಿಎಲ್ ತಂತಿಯನ್ನು 5ನೇ ಪಿನ್ನಿಗೆ ಮತ್ತು ಗ್ರೌಂಡನ್ನು 6ನೇ ಪಿನ್ನಿಗೆ ಜೋಡಿಸಬೇಕು. ಪೇಟೆಯಲ್ಲಿ ಸಿಗುವ ಝಡ್‌ಎಸ್-042 ಎಂಬ ನೀಲಿ ಮಾಡ್ಯೂಲಿನಲ್ಲಿ, ಚಾರ್ಜ್ ಆಗುವ ಬ್ಯಾಟರಿಗೆಂದು ಒಂದು ಡಯೋಡ್ ಮತ್ತು 200 ಓಮ್ ರೆಸಿಸ್ಟರಿನ ದಾರಿ ಇರುತ್ತದೆ. ಅದಕ್ಕೆ 5 ವೋಲ್ಟ್ ಕೊಟ್ಟು, ಚಾರ್ಜ್ ಮಾಡಬಾರದ ಸಿಆರ್2032 ಬಟನ್ ಸೆಲ್ ಹಾಕಿದರೆ ಸೆಲ್ ಊದಿಕೊಳ್ಳಬಹುದು. 3.3 ವೋಲ್ಟ್ ಕೊಟ್ಟಾಗ ಡಯೋಡ್ ದಾಟುವಷ್ಟರಲ್ಲಿ ವೋಲ್ಟೇಜ್ ಸೆಲ್ಲಿನದಕ್ಕಿಂತ ಕೆಳಗಿಳಿಯುವುದರಿಂದ ಆ ಅಪಾಯವಿಲ್ಲ. ಹೊಲದಲ್ಲಿ ಇಡುವ ಪೆಟ್ಟಿಗೆಯಾದರೆ ಆ ರೆಸಿಸ್ಟರನ್ನೇ ಕಿತ್ತುಬಿಡುವುದು ನನ್ನ ರೂಢಿ.

ಎಸ್‌ಡಿಎ, ಎಸ್‌ಸಿಎಲ್ ಎಂಬ ಎರಡು ತಂತಿಗಳ ಈ ಸಂಪರ್ಕಕ್ಕೆ ಐ2ಸಿ ಬಸ್ ಎಂದು ಹೆಸರು. ಐ2ಸಿಡಿಟೆಕ್ಟ್ ಆದೇಶವನ್ನು 1ನೇ ಬಸ್ಸಿನ ಮೇಲೆ ಓಡಿಸಿದರೆ ಹೆಕ್ಸ್ 68 ಎಂಬ ವಿಳಾಸ ಕಾಣಬೇಕು. ಹೆಕ್ಸ್ 57 ಕಂಡರೆ ಗಾಬರಿ ಬೇಡ, ಅದು ಅದೇ ಮಾಡ್ಯೂಲಿನಲ್ಲಿರುವ ಮೆಮೊರಿ ಚಿಪ್. 68ರ ಜಾಗದಲ್ಲಿ ‘ಯುಯು’ ಎಂದು ಕಂಡರೆ ಬೇರೊಂದು ಡ್ರೈವರ್ ಆಗಲೇ ಚಿಪ್ಪನ್ನು ಹಿಡಿದಿದೆ ಎಂದರ್ಥ, ಅದನ್ನು ಮೊದಲು ಬಿಡಿಸಬೇಕು. ಮುಂದುವರಿಯುವ ಮೊದಲು ಫೇಕ್-ಹೆಚ್‌ಡಬ್ಲ್ಯುಕ್ಲಾಕ್ ಎಂಬ ಪ್ಯಾಕೇಜ್ ನಿಮ್ಮ ಸಿಸ್ಟಂನಲ್ಲಿದ್ದರೆ ತೆಗೆದುಹಾಕಿ. ಅದು ಯಂತ್ರ ಕೊನೆಯ ಸಲ ಬಂದಾದ ಹೊತ್ತನ್ನು ಕಡತದಲ್ಲಿ ಇಟ್ಟುಕೊಂಡು, ಮತ್ತೆ ಶುರುವಾದಾಗ ಅದೇ ಈಗಿನ ಹೊತ್ತು ಎಂಬಂತೆ ಕೊಡುತ್ತದೆ. ಅದಿದ್ದರೆ ನಿಮ್ಮ ಡ್ರೈವರಿನ ತಪ್ಪುಗಳೆಲ್ಲ ಅದರ ಹಿಂದೆ ಅಡಗಿಕೊಳ್ಳುತ್ತವೆ.

ಡ್ರೈವರಿನ ಚೌಕಟ್ಟು

ಲಿನಕ್ಸ್‌ನಲ್ಲಿ 2006ರ 2.6.17ನೇ ಆವೃತ್ತಿಯಿಂದ ಎಲ್ಲ ಆರ್‌ಟಿಸಿಗಳಿಗೂ ಸಮಾನವಾದ ಒಂದು ಚೌಕಟ್ಟಿದೆ, ಅದನ್ನು ರೂಪಿಸಿದವರು ಅಲೆಸ್ಸಾಂಡ್ರೊ ಝುಮ್ಮೊ. ಸಾಧನ ಕಡತ, ಕರ್ನಲ್ ತನ್ನೊಳಗಿನ ಸ್ಥಿತಿಯನ್ನು ತೋರಿಸುವ ಸಿಸ್‌ಎಫ್‌ಎಸ್ ಕಡತಗಳು, ಅಲಾರಮ್ಮಿನ ಸರದಿ ಇವೆಲ್ಲವನ್ನೂ ಆ ಚೌಕಟ್ಟೇ ನೋಡಿಕೊಳ್ಳುವುದರಿಂದ, ನಮ್ಮ ಡ್ರೈವರ್ ಚಿಪ್ಪಿನೊಂದಿಗೆ ಮಾತಾಡುವ ಕೆಲವು ಫಂಕ್ಷನ್ನುಗಳನ್ನಷ್ಟೇ ಒದಗಿಸಿದರೆ ಸಾಕು. ಆರ್‌ಟಿಸಿ_ಕ್ಲಾಸ್_ಆಪ್ಸ್ ಎಂಬ ರಚನೆಯಲ್ಲಿ ರೀಡ್_ಟೈಮ್, ಸೆಟ್_ಟೈಮ್, ರೀಡ್_ಅಲಾರ್ಮ್, ಸೆಟ್_ಅಲಾರ್ಮ್, ಅಲಾರ್ಮ್_ಐಆರ್‌ಕ್ಯೂ_ಎನೇಬಲ್ ಎಂಬ ಐದನ್ನು ತುಂಬಬೇಕು. ಮೊದಲ ದಿನ ಮೊದಲಿನ ಎರಡನ್ನು ಮಾತ್ರ ಬರೆಯಿರಿ.

ಡ್ರೈವರಿಗೆ ಚಿಪ್ ಸಿಕ್ಕಾಗ ಕರ್ನಲ್ ಮೊದಲು ಕರೆಯುವ ಪ್ರೋಬ್ ಫಂಕ್ಷನ್ನಿನಲ್ಲಿ ಕೆಲಸಗಳ ಅನುಕ್ರಮ ಮುಖ್ಯ. ಮೊದಲು ಡೆವ್‌ಎಂ_ರೆಗ್‌ಮ್ಯಾಪ್_ಇನಿಟ್_ಐ2ಸಿ ಮೂಲಕ ರಿಜಿಸ್ಟರುಗಳಿಗೆ ದಾರಿ ಮಾಡಿಕೊಳ್ಳಬೇಕು. ನಂತರ ಡೆವ್‌ಎಂ_ಆರ್‌ಟಿಸಿ_ಅಲೊಕೇಟ್_ಡಿವೈಸ್ ಕರೆದು ರಚನೆಯನ್ನು ಪಡೆದು, ಅದರಲ್ಲಿ ಆಪ್ಸ್ ತುಂಬಿ, ರೇಂಜ್_ಮಿನ್ ಮತ್ತು ರೇಂಜ್_ಮ್ಯಾಕ್ಸ್‌ಗಳಿಗೆ 2000ದ ಆರಂಭ ಮತ್ತು 2099ರ ಅಂತ್ಯವನ್ನು ಸೂಚಿಸುವ ಸಿದ್ಧ ಸ್ಥಿರಾಂಕಗಳನ್ನು ಕೊಡಬೇಕು. ಈ ಎಲ್ಲೆಯ ಆಚೆಗಿನ ದಿನಾಂಕ ಬಂದರೆ ಚೌಕಟ್ಟು ತಾನೇ ತಿರಸ್ಕರಿಸುತ್ತದೆ. ಅಲಾರಂ ಇನ್ನೂ ಬರೆದಿಲ್ಲವಾದರೆ ಫೀಚರ್ಸ್‌ನಲ್ಲಿ ಅಲಾರಮ್ಮಿನ ಬಿಟ್ಟನ್ನು ಅಳಿಸಬೇಕು. ಕೊನೆಗೆ, ಎಲ್ಲ ಸಿದ್ಧವಾದ ಮೇಲಷ್ಟೇ, ಡೆವ್‌ಎಂ_ಆರ್‌ಟಿಸಿ_ರೆಜಿಸ್ಟರ್_ಡಿವೈಸ್ ಕರೆಯಬೇಕು. ನೋಂದಣಿಯಾದ ಕ್ಷಣವೇ ಯಾರಾದರೂ ಸಾಧನವನ್ನು ತೆರೆದು ಹೊತ್ತು ಕೇಳಬಹುದು, ಆಗ ಅರ್ಧ ಕಟ್ಟಿದ ಮನೆಗೆ ನೆಂಟರು ಬಂದಂತಾಗಬಾರದು.

ಪ್ರೋಬ್‌ನಲ್ಲಿ ಮಾಡಬಾರದ ಒಂದು ಕೆಲಸವಿದೆ. ಚಿಪ್ಪಿನ ಹೊತ್ತು ಕೆಟ್ಟಿದೆಯೆಂದು ಕಂಡಾಗ ಅದಕ್ಕೆ ಯಾವುದೋ ಒಂದು ‘ಒಳ್ಳೆಯ’ ದಿನಾಂಕವನ್ನು ಬರೆದುಬಿಡುವ ಕೋಡನ್ನು ಬೋರ್ಡ್ ತಯಾರಕರ ಕರ್ನಲ್‌ಗಳಲ್ಲಿ ಹಲವು ಕಡೆ ನೋಡಿದ್ದೇನೆ. ನನ್ನ ಮೊದಲ ಡ್ರೈವರಿನಲ್ಲೂ ಅಂಥದೇ ನಾಲ್ಕು ಸಾಲುಗಳಿದ್ದವು. ಉಪಕಾರವೆಂದು ಬರೆದದ್ದು, ತಿಕೋಟಾದಲ್ಲಿ ಆದದ್ದು ನಿಮಗೆ ಗೊತ್ತೇ ಇದೆ.

ಓದುವುದು

ಹೆಕ್ಸ್ 00ಯಿಂದ 06ರವರೆಗಿನ ಏಳು ರಿಜಿಸ್ಟರುಗಳಲ್ಲಿ ಕ್ರಮವಾಗಿ ಸೆಕೆಂಡು, ನಿಮಿಷ, ಗಂಟೆ, ವಾರ, ದಿನಾಂಕ, ತಿಂಗಳು ಮತ್ತು ವರ್ಷ ಇರುತ್ತವೆ. ಇವನ್ನು ರೆಗ್‌ಮ್ಯಾಪ್_ಬಲ್ಕ್_ರೀಡ್‌ನಿಂದ ಒಂದೇ ಉಸಿರಿನಲ್ಲಿ ಓದಬೇಕು. ಒಂದೊಂದಾಗಿ ಓದಿದರೆ, 10:59:59ರಲ್ಲಿ ಗಂಟೆಯನ್ನು ಓದಿ ನಿಮಿಷಕ್ಕೆ ಬರುವಷ್ಟರಲ್ಲಿ ಅದು 00 ಆಗಿ, ಹನ್ನೊಂದು ಗಂಟೆಯ ಬದಲು ಹತ್ತು ಗಂಟೆ ಎಂಬ ಉತ್ತರ ಬರಬಹುದು. ಒಟ್ಟಿಗೆ ಓದುವಾಗ ಚಿಪ್ ಬಸ್ಸಿನ ಆರಂಭ ಸಂಕೇತ ಬಂದೊಡನೆ ಏಳನ್ನೂ ಪಕ್ಕದ ಬಫರಿಗೆ ನಕಲು ಮಾಡಿಕೊಂಡು ಅಲ್ಲಿಂದ ಕೊಡುವುದರಿಂದ ಈ ತೊಂದರೆಯಿಲ್ಲ.

ಅಂಕಿಗಳು ಬಿಸಿಡಿ ರೂಪದಲ್ಲಿರುತ್ತವೆ, ಅಂದರೆ 59 ಎಂಬುದು ಹೆಕ್ಸ್ 59 ಆಗಿಯೇ ಕೂತಿರುತ್ತದೆ. ಬಿಸಿಡಿ2ಬಿನ್ ಇದನ್ನು ಬಿಡಿಸುತ್ತದೆ, ಆದರೆ ಅದಕ್ಕೆ ಮೊದಲು ಬೇಡದ ಬಿಟ್ಟುಗಳನ್ನು ಮರೆಮಾಡಬೇಕು. ಗಂಟೆಯ 6ನೇ ಬಿಟ್ 1 ಇದ್ದರೆ ಚಿಪ್ 12 ಗಂಟೆಯ ಪದ್ಧತಿಯಲ್ಲಿದೆ, ಆಗ 5ನೇ ಬಿಟ್ ಮಧ್ಯಾಹ್ನದ ನಂತರದ್ದು ಎಂದು ಸೂಚಿಸುತ್ತದೆ. ನೀವು ಯಾವಾಗಲೂ 24 ಗಂಟೆಯಲ್ಲೇ ಬರೆದರೂ, ಬೇರೆ ಯಂತ್ರದಲ್ಲಿದ್ದ ಚಿಪ್ ನಿಮ್ಮ ಕೈಗೆ ಬರಬಹುದು. ತಿಂಗಳಿನ 7ನೇ ಬಿಟ್ ಶತಮಾನದ್ದು, ಹೆಕ್ಸ್ 1ಎಫ್‌ನಿಂದ ಅದನ್ನು ಮರೆಮಾಡಿ.

ಇನ್ನು ತಿಂಗಳು. ಕರ್ನಲ್‌ನ ಆರ್‌ಟಿಸಿ_ಟೈಮ್ ರಚನೆಯಲ್ಲಿ ಟಿಎಂ_ಮಾನ್ 0ಯಿಂದ 11ರವರೆಗೆ ಎಣಿಸುತ್ತದೆ, ಟಿಎಂ_ಇಯರ್ 1900ರಿಂದ ಎಣಿಸುತ್ತದೆ, ಟಿಎಂ_ಡಬ್ಲ್ಯುಡೇ 0ಯಿಂದ 6ರವರೆಗೆ ಭಾನುವಾರದಿಂದ ಎಣಿಸುತ್ತದೆ. ಚಿಪ್ಪಿನಲ್ಲಿ ತಿಂಗಳು 1ರಿಂದ 12, ವಾರ 1ರಿಂದ 7, ವರ್ಷ ಕೇವಲ ಎರಡು ಅಂಕಿ. ಆದ್ದರಿಂದ ಓದುವಾಗ ತಿಂಗಳು ಮತ್ತು ವಾರದಿಂದ 1 ಕಳೆಯಬೇಕು, ವರ್ಷಕ್ಕೆ 100 ಕೂಡಿಸಬೇಕು. ಹೇಳಲು ಸುಲಭ. ಆದರೆ ಬೆಳಗಾವಿಯ ಉದ್ಯಮಬಾಗಿನ ನಮ್ಮ ಕೋಣೆಗೆ ಪ್ರಾಜೆಕ್ಟಿಗಾಗಿ ಬರುವ ಎಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಎಡವುವುದು ಇಲ್ಲಿಯೇ, ಮತ್ತು ಎಡವಿದ್ದು ಅವರಿಗೆ ಗೊತ್ತಾಗುವುದೂ ಇಲ್ಲ.

ಓದುವಾಗ 1 ಕಳೆಯುವುದನ್ನು ಮರೆತವರು ಬರೆಯುವಾಗ 1 ಕೂಡಿಸುವುದನ್ನೂ ಮರೆತಿರುತ್ತಾರೆ. ಎರಡು ತಪ್ಪು ಒಂದನ್ನೊಂದು ಮುಚ್ಚಿಕೊಳ್ಳುತ್ತವೆ, ಬರೆದದ್ದು ಹಾಗೆಯೇ ತಿರುಗಿ ಬರುತ್ತದೆ. ಆಗಸ್ಟ್ ತಿಂಗಳಲ್ಲಿ ಪರೀಕ್ಷೆ ಮಾಡಿದರೆ ಚಿಪ್ಪು ಅದನ್ನು ಜುಲೈ ಎಂದು ತಿಳಿದಿರುತ್ತದೆ. ಎರಡಕ್ಕೂ 31 ದಿನಗಳಿರುವುದರಿಂದ ತಿಂಗಳ ಕೊನೆಯೂ ಸರಿಯಾಗಿಯೇ ದಾಟುತ್ತದೆ, ಸೆಪ್ಟೆಂಬರ್ 1 ಎಂದು ಸರಿಯಾಗಿಯೇ ತೋರುತ್ತದೆ. ಪ್ರಾಜೆಕ್ಟ್ ಪಾಸಾಗುತ್ತದೆ. ಅದೇ ಪೆಟ್ಟಿಗೆ 2027ರ ಮಾರ್ಚ್‌ವರೆಗೆ ಬದುಕಿ, ಆ ತಿಂಗಳಲ್ಲಿ ಹೊತ್ತು ಬರೆಸಿಕೊಂಡಿತೆನ್ನಿ. ಚಿಪ್ಪಿನ ಲೆಕ್ಕದಲ್ಲಿ ಅದು ಫೆಬ್ರುವರಿ, 28 ದಿನಗಳದ್ದು. ಮಾರ್ಚ್ 28ರ ಮಧ್ಯರಾತ್ರಿ ಅದು ತನ್ನ ಪಾಲಿಗೆ ಮಾರ್ಚ್ 1ಕ್ಕೆ ಹೊರಳುತ್ತದೆ, ನಿಮ್ಮ ಡ್ರೈವರ್ ಅದನ್ನು ಏಪ್ರಿಲ್ 1 ಎಂದು ಓದುತ್ತದೆ. ಮೂರು ದಿನಗಳೇ ಮಾಯ. ಬರೆದದ್ದನ್ನು ತಿರುಗಿ ಓದಿ ನೋಡುವ ಪರೀಕ್ಷೆ ಗಡಿಯಾರಕ್ಕೆ ಸಾಲದು ಎನ್ನುವುದು ಇದಕ್ಕಾಗಿ. ಒಂದು ಕಡೆಯ ನೋಟವಾದರೂ ಡ್ರೈವರಿನ ಹೊರಗಿನದಾಗಿರಬೇಕು: ಐ2ಸಿಡಂಪ್‌ನಿಂದ ರಿಜಿಸ್ಟರುಗಳನ್ನು ನೇರವಾಗಿ ನೋಡಿ, 05ನೆಯದರಲ್ಲಿ ಆಗಸ್ಟಿಗೆ 08 ಇದೆಯೇ ಎಂದು ಕಣ್ಣಾರೆ ಖಚಿತಪಡಿಸಿಕೊಳ್ಳಿ.

ನಿಂತ ಗಡಿಯಾರವನ್ನು ಗುರುತಿಸುವುದು

ಹೆಕ್ಸ್ 0ಎಫ್ ಸ್ಥಿತಿಯ ರಿಜಿಸ್ಟರ್. ಅದರ 7ನೇ ಬಿಟ್ಟಿಗೆ ಒಎಸ್‌ಎಫ್ ಎಂದು ಹೆಸರು. ಕ್ರಿಸ್ಟಲನ್ನು ಮಿಡಿಸುವ ಆಸಿಲೇಟರ್ ಯಾವುದೇ ಕಾರಣಕ್ಕೆ ಒಮ್ಮೆ ನಿಂತಿತೆಂದರೆ, ಅಂದರೆ ಮೊದಲ ಸಲ ವಿದ್ಯುತ್ ಬಂದಾಗ ಅಥವಾ ಕರೆಂಟೂ ಬ್ಯಾಟರಿಯೂ ಒಟ್ಟಿಗೆ ಕೈಕೊಟ್ಟಾಗ, ಚಿಪ್ ಈ ಬಿಟ್ಟನ್ನು 1 ಮಾಡುತ್ತದೆ, ನಾವು ಅಳಿಸುವವರೆಗೂ ಅದು ಹಾಗೆಯೇ ಇರುತ್ತದೆ. ಅಷ್ಟರಲ್ಲಿ ಆಸಿಲೇಟರ್ ಮತ್ತೆ ಓಡತೊಡಗಿ, 2000ದ ಜನವರಿ 1ರಿಂದ ಸೆಕೆಂಡುಗಳನ್ನು ಶಿಸ್ತಿನಿಂದ ಎಣಿಸುತ್ತಿರಬಹುದು. ಮೇಲ್ನೋಟಕ್ಕೆ ಆರೋಗ್ಯವಂತ ಗಡಿಯಾರ.

ಆದ್ದರಿಂದ ರೀಡ್_ಟೈಮ್‌ನ ಮೊದಲ ಕೆಲಸ ಈ ಬಿಟ್ಟನ್ನು ನೋಡುವುದು. ಅದು 1 ಇದ್ದರೆ ಹೊತ್ತನ್ನು ಓದಲೇ ಹೋಗದೆ ಇನ್‌ವ್ಯಾಲ್ ದೋಷ ಸಂಕೇತವನ್ನು, ಅಂದರೆ ಋಣ 22ನ್ನು, ಹಿಂದಿರುಗಿಸಬೇಕು. ಒಎಸ್‌ಎಫ್ ಅಳಿಯಬೇಕಾದ ಜಾಗ ಒಂದೇ, ಸೆಟ್_ಟೈಮ್‌ನ ಕೊನೆ. ಪ್ರೋಬ್‌ನಲ್ಲಿ ಅಳಿಸಿದರೆ ಸಾಕ್ಷಿಯನ್ನೇ ನಾಶ ಮಾಡಿದಂತಾಗುತ್ತದೆ. ಬೇರೆ ಚಿಪ್ಪುಗಳಲ್ಲೂ ಇದರ ದಾಯಾದಿಗಳಿವೆ: ಪಿಸಿಎಫ್8563ರಲ್ಲಿ ಸೆಕೆಂಡಿನ ರಿಜಿಸ್ಟರಿನ 7ನೇ ಬಿಟ್ ವೋಲ್ಟೇಜ್ ಇಳಿದಿತ್ತೆಂದು ಹೇಳುತ್ತದೆ. ಡಿಎಸ್1307ರಲ್ಲಿ ಅದೇ ಜಾಗದ ಬಿಟ್ 1 ಇದ್ದರೆ ಗಡಿಯಾರವನ್ನೇ ನಿಲ್ಲಿಸಲಾಗಿದೆ ಎಂದರ್ಥ.

ನಿಯಂತ್ರಣದ ಹೆಕ್ಸ್ 0ಇ ರಿಜಿಸ್ಟರಿನ 7ನೇ ಬಿಟ್ಟನ್ನೂ ಒಮ್ಮೆ ನೋಡಿಕೊಳ್ಳಿ. ಅದು 1 ಇದ್ದರೆ ಕರೆಂಟ್ ಇರುವಾಗ ಗಡಿಯಾರ ಓಡುತ್ತದೆ, ಬ್ಯಾಟರಿಗೆ ಹೊರಳಿದೊಡನೆ ನಿಲ್ಲುತ್ತದೆ. ಮೇಜಿನ ಮೇಲೆ ದಿನವಿಡೀ ಸರಿಯಾಗಿದ್ದು ಹೊಲದಲ್ಲಿ ಮೊದಲ ರಾತ್ರಿಯೇ ಕೈಕೊಡುವ ಪೆಟ್ಟಿಗೆಗಳಲ್ಲಿ ನಾನು ಮೊದಲು ಹುಡುಕುವುದು ಇದನ್ನೇ. ಪ್ರೋಬ್‌ನಲ್ಲಿ ಇದನ್ನು 0 ಮಾಡುವುದು ತಪ್ಪಲ್ಲ.

ಬರೆಯುವುದು

ಸೆಟ್_ಟೈಮ್ ಓದಿನ ತಿರುವುಮುರುವು: ಬಿನ್2ಬಿಸಿಡಿ ಮಾಡಿ, ತಿಂಗಳಿಗೂ ವಾರಕ್ಕೂ 1 ಕೂಡಿಸಿ, ವರ್ಷದಿಂದ 100 ಕಳೆದು, ಏಳು ಬೈಟುಗಳನ್ನು ಒಟ್ಟಿಗೆ ಬರೆಯಬೇಕು. ಸೆಕೆಂಡನ್ನು ಬರೆದ ಕ್ಷಣ ಚಿಪ್ ತನ್ನ ಒಳಗಿನ ವಿಭಜಕ ಸರಪಳಿಯನ್ನು ಶೂನ್ಯದಿಂದ ಆರಂಭಿಸುತ್ತದೆ, ಉಳಿದವನ್ನು ಒಂದು ಸೆಕೆಂಡಿನೊಳಗೆ ಮುಗಿಸಬೇಕು, ಒಟ್ಟಿಗೆ ಬರೆದರೆ ಅದು ತಾನಾಗಿಯೇ ಆಗುತ್ತದೆ. ಬರಹ ಯಶಸ್ವಿಯಾದ ಮೇಲೆ ಮಾತ್ರ ಒಎಸ್‌ಎಫ್ ಅಳಿಸಿ. ನಡುವೆ ಕರೆಂಟ್ ಹೋದರೂ ಬಿಟ್ 1 ಆಗಿಯೇ ಉಳಿಯುತ್ತದೆ.

ಚಿಪ್ಪಿನಲ್ಲಿ ಇರಬೇಕಾದದ್ದು ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಕಾಲ), ಭಾರತೀಯ ಕಾಲಮಾನವಲ್ಲ. ಸಿಸ್‌ಎಫ್‌ಎಸ್‌ನ ಟೈಮ್ ಕಡತ ಗೋಡೆಯ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ ತೋರಿಸಿದರೆ ಅದು ಸರಿಯಾಗಿದೆ ಎಂದೇ ಅರ್ಥ. ಡ್ರೈವರಿನೊಳಗೆ 5:30 ಕೂಡಿಸಿ ‘ಸರಿಮಾಡಿದ’ ಕೋಡನ್ನೂ ನಾನು ತಿದ್ದಿಕೊಟ್ಟದ್ದುಂಟು.

ಅಲಾರಂ

ಎರಡು ಅಲಾರಂಗಳಲ್ಲಿ ಮೊದಲನೆಯದಕ್ಕೆ ಸೆಕೆಂಡಿನ ನಿಖರತೆ ಇದೆ, ಎರಡನೆಯದಕ್ಕೆ ನಿಮಿಷದ್ದು ಮಾತ್ರ. ಮೊದಲನೆಯದನ್ನು ಬಳಸಿ. ಹೆಕ್ಸ್ 07ರಿಂದ 0ಎವರೆಗಿನ ನಾಲ್ಕು ರಿಜಿಸ್ಟರುಗಳ 7ನೇ ಬಿಟ್ಟುಗಳನ್ನೆಲ್ಲ 0 ಇಟ್ಟರೆ ದಿನಾಂಕ, ಗಂಟೆ, ನಿಮಿಷ, ಸೆಕೆಂಡು ನಾಲ್ಕೂ ಹೊಂದಿದಾಗ ಅಲಾರಂ ಹೊಡೆಯುತ್ತದೆ. ತಿಂಗಳಿನ ರಿಜಿಸ್ಟರ್ ಇಲ್ಲ. ಎರಡು ತಿಂಗಳಾಚೆಯ ಅಲಾರಂ ಕೇಳಿದರೆ ಚಿಪ್ ಅದಕ್ಕಿಂತ ಮೊದಲೇ, ಅದೇ ತಾರೀಖು ಬಂದಾಗ ಹೊಡೆದುಬಿಡುತ್ತದೆ. ಆದ್ದರಿಂದ ಅಂಥ ಕೋರಿಕೆಯನ್ನು ದೋಷ ಸಂಕೇತದೊಂದಿಗೆ ನಿರಾಕರಿಸುವುದು ಮೇಲು. ಬರೆಯುವ ಕ್ರಮ ಹೀಗಿರಲಿ: ಮೊದಲು ಅಲಾರಂ ಇಂಟರಪ್ಟನ್ನು ಮುಚ್ಚಿ, ಹಳೆಯ ಬಾವುಟವನ್ನು ಅಳಿಸಿ, ಹೊಸ ಹೊತ್ತನ್ನು ಬರೆದು, ಕೊನೆಗೆ ಇಂಟರಪ್ಟನ್ನು ತೆರೆಯಿರಿ. 0ಇ ರಿಜಿಸ್ಟರಿನ 2ನೇ ಬಿಟ್ 1 ಇರಬೇಕು, ಇಲ್ಲದಿದ್ದರೆ ಚಿಪ್ಪಿನ ಇಂಟರಪ್ಟ್ ಪಿನ್ನಿನಲ್ಲೇ ಚೌಕ ಅಲೆ ಹೊರಡುತ್ತದೆ.

ಇಂಟರಪ್ಟ್ ಬಂದಾಗ ನಾವು ಐ2ಸಿ ಮೂಲಕ ಸ್ಥಿತಿಯನ್ನು ಓದಬೇಕು, ಐ2ಸಿ ವ್ಯವಹಾರ ನಡುವೆ ನಿದ್ರಿಸಬಲ್ಲದು, ಆದ್ದರಿಂದ ಸಾಮಾನ್ಯ ಇಂಟರಪ್ಟ್ ಹ್ಯಾಂಡ್ಲರಿನಲ್ಲಿ ಅದು ಸಲ್ಲದು. ಡೆವ್‌ಎಂ_ರಿಕ್ವೆಸ್ಟ್_ಥ್ರೆಡೆಡ್_ಐಆರ್‌ಕ್ಯೂ ಬಳಸಿ, ಒನ್‌ಶಾಟ್ ಗುರುತನ್ನು ಕೊಟ್ಟು, ಥ್ರೆಡ್ಡಿನೊಳಗೆ 0ಎಫ್‌ನ 0ನೇ ಬಿಟ್ಟನ್ನು ನೋಡಿ ಅಳಿಸಿ, ಆರ್‌ಟಿಸಿ_ಅಪ್‌ಡೇಟ್_ಐಆರ್‌ಕ್ಯೂ ಕರೆಯಬೇಕು. ಬಿಟ್ಟನ್ನು ಅಳಿಸದಿದ್ದರೆ ಇಂಟರಪ್ಟಿನ ತಂತಿ ಕೆಳಮಟ್ಟದಲ್ಲೇ ನಿಂತಿರುತ್ತದೆ, ಮಟ್ಟವನ್ನು ನೋಡುವ ಇಂಟರಪ್ಟ್ ಆಗಿದ್ದರೆ ಪ್ರೊಸೆಸರ್ ಅದರಲ್ಲೇ ಮುಳುಗಿಹೋಗುತ್ತದೆ.

ಪರೀಕ್ಷೆ

ಮೊದಲು ಎನ್‌ಟಿಪಿಯನ್ನು ನಿಲ್ಲಿಸಿ. ನೆಟ್‌ನಿಂದ ಹೊತ್ತು ಹೊಂದಿಕೊಂಡಿರುವ ಯಂತ್ರದಲ್ಲಿ, ಆ ಸೌಲಭ್ಯವನ್ನು ಸೇರಿಸಿ ಕಟ್ಟಿದ ಕರ್ನಲ್ ಸುಮಾರು 11 ನಿಮಿಷಕ್ಕೊಮ್ಮೆ ಆರ್‌ಟಿಸಿಯನ್ನು ತಾನೇ ತಿದ್ದುತ್ತದೆ. ನೀವು ಪರೀಕ್ಷೆಗೆಂದು ಬರೆದ ದಿನಾಂಕವನ್ನು ಅದು ಸದ್ದಿಲ್ಲದೆ ಅಳಿಸಿದರೆ ಅರ್ಧ ದಿನ ತಲೆ ಕೆಡಿಸಿಕೊಳ್ಳಬೇಕಾಗುತ್ತದೆ.

ಹೆಚ್‌ಡಬ್ಲ್ಯುಕ್ಲಾಕ್ ಆದೇಶದಿಂದ, ಯುಟಿಸಿ ಲೆಕ್ಕದಲ್ಲಿ, 2027 ಫೆಬ್ರುವರಿ 28ರ 23:59:50 ಎಂದು ಬರೆದು ಹದಿನೈದು ಸೆಕೆಂಡು ಕಾಯಿರಿ, ಮಾರ್ಚ್ 1 ಬರಬೇಕು. 2028ಕ್ಕೆ ಅದನ್ನೇ ಮಾಡಿದರೆ ಫೆಬ್ರುವರಿ 29 ಬರಬೇಕು. ಡಿಸೆಂಬರ್ 31ರ ಕೊನೆಯ ಹತ್ತು ಸೆಕೆಂಡುಗಳನ್ನೂ, ಮಧ್ಯಾಹ್ನ 12ರ ಆಚೀಚೆಯನ್ನೂ ದಾಟಿಸಿ ನೋಡಿ. 2100ರ ಯಾವುದೇ ದಿನಾಂಕವನ್ನು ಡ್ರೈವರ್ ಒಪ್ಪಬಾರದು. ಅಲಾರಮ್ಮಿಗೆ ಆರ್‌ಟಿಸಿವೇಕ್ ಆದೇಶವನ್ನು ‘ಆನ್’ ವಿಧಾನದಲ್ಲಿ ಓಡಿಸಿದರೆ ಯಂತ್ರವನ್ನು ಮಲಗಿಸದೆಯೇ ನೋಡಬಹುದು. ಕರ್ನಲ್ ಮೂಲದ ಸೆಲ್ಫ್‌ಟೆಸ್ಟ್ ಕೋಶದಲ್ಲಿರುವ ಆರ್‌ಟಿಸಿಟೆಸ್ಟ್ ಉಳಿದದ್ದನ್ನು ಕೇಳುತ್ತದೆ.

ನಂತರ ಬ್ಯಾಟರಿಯನ್ನು ಹಾಕಿ, ಬೋರ್ಡಿನ ಕರೆಂಟ್ ತೆಗೆದು, ಒಂದು ರಾತ್ರಿ ಬಿಡಿ. ಬೆಳಿಗ್ಗೆ ಹೊತ್ತು ಸರಿಯಾಗಿರಬೇಕು. ಆಮೇಲೆ ಬ್ಯಾಟರಿಯನ್ನೂ ತೆಗೆದು ಐದು ನಿಮಿಷ ಕಾದು, ಮತ್ತೆ ಕರೆಂಟ್ ಕೊಟ್ಟು ಹೊತ್ತು ಕೇಳಿ. ಈ ಸಲ ದಿನಾಂಕ ಬಂದರೆ ಡ್ರೈವರ್ ಸೋತಂತೆ, ದೋಷ ಸಂದೇಶ ಬಂದರೆ ಗೆದ್ದಂತೆ. ದಾಖಲೆ ಬರೆಯುವ ನಿಮ್ಮ ಪ್ರೋಗ್ರಾಂ ಆ ದೋಷವನ್ನು ಹಿಡಿದು, ದಿನಾಂಕದ ಜಾಗದಲ್ಲಿ ‘ತಿಳಿಯದು’ ಎಂದು ಬರೆದು, ಯಂತ್ರ ಶುರುವಾದಾಗಿನಿಂದ ಕಳೆದ ಸೆಕೆಂಡುಗಳನ್ನು ಪಕ್ಕದಲ್ಲಿ ಇಡಬೇಕು. ಆಗ ಹೋದವರು ಪೆಟ್ಟಿಗೆಯನ್ನು ತೆರೆದ ದಿನ, ನಡುವೆ ಮತ್ತೆ ಕರೆಂಟ್ ಹೋಗಿರದಿದ್ದರೆ, ಹಿಂದಕ್ಕೆ ಎಣಿಸಿ ಪ್ರತಿ ಸಾಲಿನ ನಿಜವಾದ ಹೊತ್ತನ್ನು ಕಂಡುಹಿಡಿಯಬಹುದು. ತಿಕೋಟಾದ ಪೆಟ್ಟಿಗೆ ಈಗ ಹಾಗೆಯೇ ಮಾಡುತ್ತದೆ, ಎರಡು ಸಲ ಮಾಡಿಯೂ ಇದೆ.

ಹೊಸ ಚಿಪ್ಪೊಂದಕ್ಕೆ ಬರೆದ ಡ್ರೈವರನ್ನು ಮುಖ್ಯ ಕರ್ನಲ್‌ಗೆ ಕಳಿಸುವುದಾದರೆ, ಡಿವೈಸ್ ಟ್ರೀ (ಬೋರ್ಡಿನಲ್ಲಿ ಯಾವ ಚಿಪ್ಪುಗಳಿವೆ ಎಂದು ಕರ್ನಲ್‌ಗೆ ಹೇಳುವ ಪಟ್ಟಿ) ವಿವರಣೆಯ ಯಾಮಲ್ ಕಡತವನ್ನು ಬೇರೆ ಪ್ಯಾಚ್ ಆಗಿ ಮೊದಲು ಇಡಿ, ಚೆಕ್‌ಪ್ಯಾಚ್ ಓಡಿಸಿ, ಯಾರಿಗೆ ಕಳಿಸಬೇಕೆಂಬುದನ್ನು ಗೆಟ್_ಮೇಂಟೇನರ್ ಸ್ಕ್ರಿಪ್ಟಿನಿಂದ ತಿಳಿದುಕೊಳ್ಳಿ. ಬ್ಯಾಟರಿ ತೆಗೆದ ಪರೀಕ್ಷೆಯಲ್ಲಿ ಏನಾಯಿತು ಎಂಬುದನ್ನು ಪ್ಯಾಚಿನ ವಿವರಣೆಯಲ್ಲಿಯೇ ಬರೆದರೆ ಒಂದು ಸುತ್ತಿನ ಪ್ರಶ್ನೋತ್ತರ ಉಳಿಯುತ್ತದೆ.